ಕೆಳಗಿಳಿದ ಕಂಬಿ

ಸೆಪ್ಟೆಂಬರ್ 2

ನಮ್ಮ ಮನೆಯ ಇಂಜಿನಿಯರಮ್ಮನವರಿಗೆ,

ಚಿಕ್ಕಪ್ಪ ಮಾಡುವ ನಮಸ್ಕಾರ. ದೊಡ್ಡವನೇ ಚಿಕ್ಕವಳಿಗೆ ಕೈಮುಗಿಯುತ್ತಿದ್ದಾನೆ ಎಂದು ನಗಬೇಡ. ಇನ್ನೆರಡು ವರ್ಷಕ್ಕೆ ನೀನು ನಕ್ಷೆ ಹಿಡಿದು ಎದುರಿಗೆ ಬಂದು ನಿಂತರೆ ಹೇಗೂ ಮುಗಿಯಲೇಬೇಕು, ಈಗಿನಿಂದಲೇ ರೂಢಿಯಾಗಲಿ.

ನಾನು ಕ್ಷೇಮ. ನಡುವೆ ನಾಲ್ಕು ದಿನ ಜ್ವರ ಬಂದು ಶೆಡ್ಡಿನಲ್ಲಿ ಮಲಗಿದ್ದೆ. ಈಗ ಎದ್ದು ಓಡಾಡುತ್ತಿದ್ದೇನೆ. ನಿಮ್ಮಮ್ಮನಿಗೆ ಮಾತ್ರ ತಿಳಿಸಬೇಡ, ಅತ್ತಿಗೆ ಆಮೇಲೆ ವಾರಕ್ಕೆರಡು ಪತ್ರದಲ್ಲಿ ಉಪದೇಶ ಕಳಿಸುತ್ತಾರೆ.

ಶಾಲೆಯ ಕಟ್ಟಡ ಎದ್ದು ನಿಂತಿದೆ. ಕೆಳಗೆ ಆರು ಕೋಣೆ, ಮೇಲೆ ಆರು ಕೋಣೆ. ಮೇಲಿನ ಕೋಣೆಗಳ ಮುಂದೆ ಈ ತುದಿಯಿಂದ ಆ ತುದಿಯವರೆಗೆ ಐದಡಿ ಹೊರಚಾಚಿದ ಬಾಲ್ಕನಿ, ಅದರಡಿ ಒಂದೂ ಕಂಬವಿಲ್ಲ. ಮೊನ್ನೆ ಶನಿವಾರ ಅದಕ್ಕೆ ಕಾಂಕ್ರೀಟ್ ಹಾಕಿದ್ದಾಯಿತು. ಶಾಲೆಯ ಹೆಡ್ ಮೇಡಂ ದಿನಾ ಸಂಜೆ ಬಂದು, ಹಸುವಿನ ಮೈ ಸವರಿದ ಹಾಗೆ ಗೋಡೆ ಸವರಿ ಹೋಗುತ್ತಾರೆ. ಅವರ ಮಕ್ಕಳು ಇಷ್ಟು ದಿನ ತಗಡಿನ ಕೆಳಗೆ ಕೂತು ಬೆಂದಿದ್ದಾರೆ, ಪಾಪ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲೊಬ್ಬ ಗಾರೆ ಮೇಸ್ತ್ರಿ ಇದ್ದಾನೆ, ವಾದಕ್ಕೆ ನಿಂತರೆ ಬಾಯಿ ಮುಚ್ಚುವವನಲ್ಲ. "ಬಾಲ್ಕನಿ ಕಂಬಿ ಮೇಲಿದ್ರೇನು, ಕೆಳಗಿದ್ರೇನು? ಕಾಂಕ್ರೀಟ್ ಒಳಗಿದ್ರೆ ಸಾಕು" ಅನ್ನುತ್ತಾನೆ. ನಾನು, "ತಡಿ, ನಮ್ಮ ಹುಡುಗಿ ಇದನ್ನೇ ಓದ್ತಿದಾಳೆ, ಕೇಳಿ ಹೇಳ್ತೀನಿ" ಅಂದಿದ್ದೇನೆ. ಪುಸ್ತಕದಲ್ಲಿ ಏನಿದೆ ನೋಡಿ ಬರಿ. ಗುತ್ತಿಗೆದಾರರ ಕಚೇರಿಯಲ್ಲಿ ಫೋನಿದೆ, ಆದರೆ ಅದು ಅವರ ಮೂಗಿನ ಕೆಳಗೇ ಇದೆ. ಪತ್ರವೇ ವಾಸಿ. ಬೇಗ ಬರಿ.

ನಿನ್ನ ಚಿಕ್ಕಪ್ಪ

*

ಸೆಪ್ಟೆಂಬರ್ 10

ಚಿಕ್ಕಪ್ಪ,

ಜ್ವರ ಬಂದಾಗ ಯಾರು ನೋಡಿಕೊಂಡರು? ಮೂವತ್ತೊಂದು ವರ್ಷದಿಂದ ಕಂಬಿ ಬಾಗಿಸುತ್ತಿರುವವನಿಗೆ ಒಂದು ಮಾತ್ರೆ ನುಂಗಲು ಬರುವುದಿಲ್ಲ. ಅಮ್ಮನಿಗೆ ಹೇಳಿಲ್ಲ, ಆದರೆ ಈ ಗುಟ್ಟಿಗೆ ಮುಂದೆ ನನಗೊಂದು ಉಪಕಾರ ಮಾಡಬೇಕಾಗುತ್ತದೆ.

ಹಾಸ್ಟೆಲಿನಲ್ಲಿ ಎಲ್ಲ ಹಾಗೇ ಇದೆ. ಒಂದು ಕೋಣೆ, ಮೂರು ಮಂಚ, ಒಂದೇ ಮೇಜು. ಪಕ್ಕದ ಮಂಚದವಳು ಹಲ್ಲುಜ್ಜುವಾಗಲೂ ಸೂತ್ರ ಗುನುಗುತ್ತಾಳೆ, ನೊರೆ ಹಾರುತ್ತದೆ. ಫಲಿತಾಂಶ ಬಂತು, ಎಲ್ಲ ಚೆನ್ನಾಗಿಯೇ ಆಗಿದೆ, ನೀನು ಚಿಂತೆ ಮಾಡಬೇಡ.

ನಿನ್ನ ಪ್ರಶ್ನೆ ನೋಡಿ ಖುಷಿಯಾಯಿತು. ಇದು ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠದಲ್ಲೇ ಇದೆ. ಭಾರ ಬಿದ್ದಾಗ ತೊಲೆ ಬಾಗುತ್ತದೆ. ಬಾಗಿದಾಗ ಅದರ ಕೆಳಮೈ ಹಿಗ್ಗುತ್ತದೆ, ಮೇಲ್ಮೈ ಕುಗ್ಗುತ್ತದೆ. ಕಾಂಕ್ರೀಟನ್ನು ಎಷ್ಟು ಬೇಕಾದರೂ ಒತ್ತು, ತಡೆಯುತ್ತದೆ. ಎಳೆದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಆ ಎಳೆತವನ್ನು ಹೊರುವುದಕ್ಕೇ ಕಂಬಿ ಇರುವುದು. ಎಳೆತ ಇರುವುದು ಕೆಳಗೆ, ಆದ್ದರಿಂದ ಕಂಬಿಯೂ ಕೆಳಗೆ. ಇದನ್ನು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೇವೆ. ಬಾಲ್ಕನಿಯೂ ಒಂದು ತೊಲೆಯೇ ತಾನೇ? ಕಂಬಿ ಕೆಳಗಿದ್ದರೆ ಏನೂ ತೊಂದರೆಯಿಲ್ಲ, ನಿಜ ಹೇಳಬೇಕೆಂದರೆ ಅದೇ ಸರಿ. ಆ ಮೇಸ್ತ್ರಿ ಗೆದ್ದ ಎಂದು ಹೇಳು.

ಜಂಬದಿಂದ ಬರೆದೆ ಎಂದುಕೊಳ್ಳಬೇಡ. ನೀನು ನನ್ನನ್ನು ಒಂದು ವಿಷಯ ಕೇಳಿದ್ದು ಇದೇ ಮೊದಲು.

ನಿನ್ನ ಇಂಜಿನಿಯರಮ್ಮ

*

ಸೆಪ್ಟೆಂಬರ್ 18

ಇಂಜಿನಿಯರಮ್ಮನವರಿಗೆ,

ಪತ್ರ ತಲುಪಿತು. ನಾಲ್ಕು ಸಲ ಓದಿದೆ. ಎಲ್ಲ ಪಾಸು ಎಂದು ಕೇಳಿ ಇಲ್ಲಿರುವವರಿಗೆಲ್ಲ ಹೇಳಿದೆ, ಸೈಟ್ ಇಂಜಿನಿಯರಿಗೂ ಹೇಳಿದೆ. "ಓಹೋ, ಹಾಗಾದ್ರೆ ನನ್ನ ಕುರ್ಚಿ ಹೋಯ್ತು" ಎಂದು ನಕ್ಕರು. ಒಳ್ಳೆಯ ಮನುಷ್ಯ, ಆದರೆ ಮೂರು ಸೈಟು ಒಬ್ಬರೇ ನೋಡಿಕೊಳ್ಳಬೇಕು. ನನ್ನ ಕೆಲಸವೆಂದರೆ ಏಣಿ ಹತ್ತದೆಯೇ ಸಹಿ ಹಾಕುತ್ತಾರೆ.

ಕಂಬಿ ಕೆಳಗಿದ್ದರೂ ಸರಿ ಎಂದು ನೀನು ಬರೆದಿದ್ದು ಮನಸ್ಸಿಗೆ ದೊಡ್ಡ ಸಮಾಧಾನ ತಂದಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಮೇಸ್ತ್ರಿಗೂ ಹೇಳುತ್ತೇನೆ.

ಬಾಲ್ಕನಿಯ ಅಡಿಯ ಮರದ ಆಧಾರಗಳನ್ನು ಅಕ್ಟೋಬರ್ ಮೊದಲ ವಾರ ಬಿಚ್ಚುತ್ತೇವೆ. ನವೆಂಬರ್ ಹತ್ತಕ್ಕೆ ಉದ್ಘಾಟನೆ ಗೊತ್ತುಮಾಡಿದ್ದಾರೆ. ಅಂದು ನಾನೂರೈವತ್ತು ಮಕ್ಕಳನ್ನೂ ಬಾಲ್ಕನಿಯ ಉದ್ದಕ್ಕೆ ನಿಲ್ಲಿಸಿ ಹಾಡಿಸಬೇಕೆಂದು ಹೆಡ್ ಮೇಡಂ ಆಸೆ. ಕೆಳಗಿನಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ.

ನೀನು ಚೆನ್ನಾಗಿ ಓದು. ನಿದ್ದೆಗೆಡಬೇಡ.

ಚಿಕ್ಕಪ್ಪ

*

ಅಕ್ಟೋಬರ್ 6

ಚಿಕ್ಕಪ್ಪ,

ಈ ಪತ್ರ ಕೈಗೆ ಸಿಕ್ಕಾಗ ನಿಂತಲ್ಲೇ ಓದು. ಆಧಾರಗಳನ್ನು ಇನ್ನೂ ಬಿಚ್ಚಿರದಿದ್ದರೆ ಬಿಚ್ಚಬೇಡ. ಬಿಚ್ಚಿದ್ದರೆ ಮತ್ತೆ ಕೊಡಿಸು. ನಾನು ಬರೆದಿದ್ದು ತಪ್ಪು. ಪೂರ್ತಿ ತಪ್ಪು, ತಲೆಕೆಳಗು.

ಇನ್ನೊಂದು ಸುಳ್ಳನ್ನೂ ಹೇಳಿಬಿಡುತ್ತೇನೆ. ನಾನು ಪಾಸಾಗಿಲ್ಲ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ನೂರಕ್ಕೆ ಇಪ್ಪತ್ತಾರು. ಇಲ್ಲಿ ಎಲ್ಲರೂ ಮಾಡುವ ಒಂದು ಜಾಣತನವಿದೆ. ಎಂಟು ಪ್ರಶ್ನೆಯಲ್ಲಿ ಐದು ಬರೆದರೆ ಸಾಕು, ಆದ್ದರಿಂದ ಒಂದೋ ಎರಡೋ ಅಧ್ಯಾಯವನ್ನು ಓದದೇ ಬಿಟ್ಟುಬಿಡುತ್ತೇವೆ. ಅದಕ್ಕೆ ಚಾಯ್ಸ್‌ನಲ್ಲಿ ಬಿಡುವುದು ಎಂದು ಹೆಸರು. ನಾನು ಬಿಟ್ಟಿದ್ದು ಚಾಚು ತೊಲೆಯ ಅಧ್ಯಾಯ. ಒಂದು ತುದಿ ಗೋಡೆಯಲ್ಲಿ, ಇನ್ನೊಂದು ತುದಿ ಗಾಳಿಯಲ್ಲಿ ಇರುವ ತೊಲೆ. ನೀನು ಕೇಳಿದ್ದು ಅದನ್ನೇ. ನಾನು ಓದದೇ ಇದ್ದದ್ದೂ ಅದನ್ನೇ.

ಫೇಲಾದವರಿಗೆ ಲ್ಯಾಬಿನಲ್ಲಿ ಬೇರೆ ತರಗತಿ ನಡೆಯುತ್ತದೆ. ಅಲ್ಲಿನ ಬೋಧಕರು ಈ ದಿನ ಹಾಸಿಗೆಯ ಫೋಮಿನ ಒಂದು ಉದ್ದ ತುಂಡು ತಂದರು. ಅದರ ಪಕ್ಕದಲ್ಲಿ ಪೆನ್ನಿನಿಂದ ಒಂದೇ ಅಳತೆಯ ಗೆರೆಗಳನ್ನು ಎಳೆದು, ಒಂದು ತುದಿಯನ್ನು ಮೇಜಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯ ಮೇಲೆ ಡಸ್ಟರ್ ಇಟ್ಟರು. ತುದಿ ಜೋತು ಬಿತ್ತು. ಮೇಲಿನ ಗೆರೆಗಳು ಒಂದರಿಂದ ಒಂದು ದೂರ ಸರಿದವು, ಕೆಳಗಿನವು ಒತ್ತಿಕೊಂಡವು. "ಎಳೆತ ಎಲ್ಲಿದೆ, ಹೇಳಮ್ಮ" ಎಂದು ನನ್ನನ್ನೇ ಕೇಳಿದರು. ಎಳೆತ ಮೇಲಿತ್ತು, ಚಿಕ್ಕಪ್ಪ. ಎರಡು ಗೋಡೆಗಳ ನಡುವಿನ ತೊಲೆಗೆ ಮಾತ್ರ ಕೆಳಗೆ. ಬಾಲ್ಕನಿಗೆ ಮೇಲೆ.

ತರಗತಿ ಮುಗಿದ ಕೂಡಲೇ ಅಂಚೆ ಕಚೇರಿಯಿಂದ ನಿಮ್ಮ ಗುತ್ತಿಗೆದಾರರ ಕಚೇರಿಗೆ ಫೋನ್ ಮಾಡಿದೆ. ಯಾರೋ ಗಡಸು ಗಂಟಲಿನವರು "ಯಾರು?" ಎಂದರು. ಏನು ಹೇಳುವುದು ತಿಳಿಯದೆ ಇಟ್ಟುಬಿಟ್ಟೆ. ಅದಕ್ಕೂ ನಾಚಿಕೆಯಾಗುತ್ತಿದೆ. ನನ್ನ ಮಾತು ನಂಬಿ ಕಂಬಿ ಕೆಳಗೆ ಹಾಕಿಬಿಟ್ಟೆಯಾ? ಒಂದೇ ಸಾಲು ಬರಿ.

ನಿನ್ನ ಮಗಳು

*

ಅಕ್ಟೋಬರ್ 13

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಆಧಾರಗಳನ್ನು ಐದನೆಯ ತಾರೀಖೇ ಬಿಚ್ಚಿದ್ದೇವೆ. ಬಾಲ್ಕನಿ ಚೆನ್ನಾಗಿ ನಿಂತಿದೆ. ಒಂದು ಕೂದಲೆಳೆಯಷ್ಟು ಬಿರುಕಿಲ್ಲ. ಕಂಬಿಗಳು ಇರಬೇಕಾದ ಕಡೆ ಇವೆ. ಅದರ ಬಗ್ಗೆ ಇನ್ನು ತಲೆ ಕೆಡಿಸಿಕೊಳ್ಳಬೇಡ.

ಒಂದು ವಿಷಯದಲ್ಲಿ ಫೇಲಾಗುವುದು ದೊಡ್ಡ ಅಪರಾಧವಲ್ಲ. ಸುಳ್ಳು ಹೇಳಿದ್ದು ಬೇಸರವಾಯಿತು. ನೀನು ಪರೀಕ್ಷೆಯ ಹೆದರಿಕೆಯಲ್ಲಿದ್ದೀಯ, ಹಾಗಾಗಿ ಕಂಡ ಕಟ್ಟಡವೆಲ್ಲ ಬೀಳುವ ಹಾಗೆ ಕಾಣುತ್ತದೆ. ಈಗ ಓದಿನ ಕಡೆ ಗಮನ ಕೊಡು.

ಇಲ್ಲಿ ಬಣ್ಣ ಹೊಡೆಯುತ್ತಿದ್ದಾರೆ. ಗಾಳಿ ಜಾಸ್ತಿ. ಮತ್ತೇನೂ ವಿಶೇಷವಿಲ್ಲ.

ಚಿಕ್ಕಪ್ಪ

*

ಅಕ್ಟೋಬರ್ 21

ಚಿಕ್ಕಪ್ಪ,

ನಿನ್ನ ಪತ್ರದಲ್ಲಿ ನೀನು ಇರಲಿಲ್ಲ. ನನ್ನನ್ನು ಬೈದಿಲ್ಲ, ಛೇಡಿಸಿಲ್ಲ. ಇಪ್ಪತ್ತಾರು ಅಂಕಕ್ಕೆ ನೀನು ಎರಡು ಪುಟ ನಗಬೇಕಾಗಿತ್ತು. "ಚಿರಂಜೀವಿ ಮಗಳಿಗೆ" ಎಂದು ನೀನು ಯಾವತ್ತು ಬರೆದವನು?

ನಾನು ಹಳೆಯ ಪತ್ರಗಳನ್ನು ಮತ್ತೆ ಓದಿದೆ. ಶನಿವಾರ ಕಾಂಕ್ರೀಟ್ ಹಾಕಿದ್ದಾಯಿತು ಎಂದು ಬರೆದು, ಅದೇ ಪತ್ರದಲ್ಲಿ ಕಂಬಿ ಮೇಲಿರಬೇಕೋ ಕೆಳಗಿರಬೇಕೋ ಎಂದು ಕೇಳಿದ್ದೀಯ. ಕೆಲಸ ಮುಗಿದ ಮೇಲೆ ಯಾರಾದರೂ ಹಾಗೆ ಕೇಳುತ್ತಾರೆಯೇ? ನಾನು ಹುಟ್ಟುವ ಮೊದಲಿನಿಂದ ನೀನು ಬಾಲ್ಕನಿಗೆ ಕಂಬಿ ಕಟ್ಟುತ್ತಿದ್ದೀಯ. ಕಂಬಿ ಎಲ್ಲಿರಬೇಕು ಎಂದು ನಿನ್ನ ಕೈಗೆ ಗೊತ್ತು. ಮತ್ತೆ ನನ್ನನ್ನು ಏಕೆ ಕೇಳಿದೆ?

ನಿಂತಿದೆ ಎನ್ನುತ್ತೀಯ. ಅದು ನಿಲ್ಲುತ್ತದೆ, ಅದೇ ನನಗೆ ಹೆದರಿಕೆ. ಮೂರು ದಿನ ಕೂತು ಲೆಕ್ಕ ಹಾಕಿದ್ದೇನೆ. ಬೋಧಕರಿಗೆ ಯಾವ ಕಟ್ಟಡ ಎಂದು ಹೇಳದೆ ತೋರಿಸಿದೆ, ಅವರು ಒಂದು ಕಡೆ ತಿದ್ದಿ ಸರಿಯಿದೆ ಎಂದರು. ಐದಡಿ ಚಾಚು, ದಪ್ಪ ವಾಡಿಕೆಯಂತೆ ಆರು ಇಂಚು ಎಂದು ಹಿಡಿದೆ. ಮೇಲಿನ ಕಂಬಿ ತಳಕ್ಕೆ ಇಳಿದಿದ್ದರೆ ಅಲ್ಲಿ ಎಳೆತ ತಡೆಯುವುದು ಬರಿ ಕಾಂಕ್ರೀಟ್. ಬಾಲ್ಕನಿಯ ಸ್ವಂತ ತೂಕ, ಅಂಚಿನ ಮೋಟುಗೋಡೆಯ ತೂಕ ಎರಡೇ ಸೇರಿ ಅದರ ಶಕ್ತಿಯ ಮುಕ್ಕಾಲು ಪಾಲನ್ನು ತಿಂದುಬಿಡುತ್ತವೆ. ಉಳಿದ ಕಾಲು ಪಾಲಿನ ಮೇಲೆ ಅದು ಇವತ್ತು ನಿಂತಿದೆ. ಮಕ್ಕಳು ಭುಜಕ್ಕೆ ಭುಜ ತಾಗಿಸಿ ಸಾಲು ಸಾಲಾಗಿ ನಿಂತರೆ ಆ ಕಾಲು ಪಾಲು ಸಾಲದು. ಕಂಬಿ ಮೇಲಿದ್ದರೆ ಮೊದಲು ಬಿರುಕು ಬಿಟ್ಟು ಎಚ್ಚರಿಸುತ್ತದೆ. ಇದು ಎಚ್ಚರಿಸುವುದಿಲ್ಲ, ಒಮ್ಮೆಲೇ ಕಳಚುತ್ತದೆ.

ನಾನು ನಾಚಿಕೆಗೆ ಸುಳ್ಳು ಬರೆದೆ. ನಿನಗೆ ಏನಾಗಿತ್ತು? ಕಂಬಿ ನಿಜವಾಗಿ ಎಲ್ಲಿದೆ?

ನಿನ್ನ ಮಗಳು

*

ಅಕ್ಟೋಬರ್ 29

ಮಗಳೇ,

ಕಂಬಿ ಕೆಳಗಿದೆ.

ನಾನು ಕಟ್ಟಿದಾಗ ಮೇಲೇ ಇತ್ತು. ಮೇಲಿನ ಕಂಬಿ ಕುಸಿಯದಂತೆ ಅದರಡಿಗೆ ಕಂಬಿಯನ್ನೇ ಬಾಗಿಸಿ ಮಾಡಿದ ಸಣ್ಣ ಕಾಲುಗಳನ್ನು ಇಡುತ್ತೇವೆ, ಕುರ್ಚಿ ಎಂದು ಕರೆಯುತ್ತೇವೆ. ನೂರಿಪ್ಪತ್ತು ಬೇಕಿತ್ತು. ನಲವತ್ತೈದು ಮಾಡುವಷ್ಟರಲ್ಲಿ ನನಗೆ ಜ್ವರ ಏರಿತು. ಜೊತೆಯವರು "ಇನ್ನೂ ಮಾಡೋಣ್ವಾ?" ಎಂದು ಕೇಳಿದರು. "ಸಾಕು ಬಿಡ್ರಪ್ಪ" ಎಂದು ಹೋಗಿ ಮಲಗಿದೆ. ಅಷ್ಟೇ ಮಾತು. ಮೂವತ್ತೊಂದು ವರ್ಷದಲ್ಲಿ ಕುರ್ಚಿ ಕಡಿಮೆ ಮಾಡಿದವನಲ್ಲ ನಾನು.

ಶನಿವಾರ ಮಧ್ಯಾಹ್ನ ಮನಸ್ಸು ತಡೆಯದೆ ಎದ್ದು ಹೋದೆ. ಕಾಂಕ್ರೀಟ್ ಹಾಕುವವರು ಬಾಣಲೆ ಹೊತ್ತು ಕಂಬಿಯ ಮೇಲೆಯೇ ತುಳಿದಾಡುತ್ತಿದ್ದರು. ಮೊಣಕಾಲೂರಿ ಹಸಿ ಕಾಂಕ್ರೀಟಿಗೆ ಕೈ ಇಳಿಸಿದೆ. ಒಂದು ಗೆಣ್ಣು ಆಳದಲ್ಲಿ ಸಿಗಬೇಕಾಗಿದ್ದ ಕಂಬಿ ಅರ್ಧ ಅಂಗೈ ಮುಳುಗಿದ ಮೇಲೆ ಸಿಕ್ಕಿತು. ನಾಲ್ಕು ಕಡೆ ನೋಡಿದೆ, ನಾಲ್ಕು ಕಡೆಯೂ ಹಾಗೇ. ಆಗಲೇ "ನಿಲ್ಸಿ" ಎಂದಿದ್ದರೆ ಎರಡು ಗಂಟೆಯ ಕೆಲಸ, ಕಂಬಿ ಎತ್ತಿ ಕಟ್ಟಬಹುದಿತ್ತು. ಇಂಜಿನಿಯರ್ ಕೆಳಗೆ ನಿಂತು, "ಎಲ್ಲ ಸರಿ ಇದ್ಯಾ ಯಜಮಾನ್ರೇ?" ಎಂದು ಕೂಗಿದರು. ಸರಿ ಇದೆ ಎಂದೆ. ಕೈ ತೊಳೆದುಕೊಂಡು ಹೋಗಿ ಮತ್ತೆ ಮಲಗಿದೆ.

ವಾದಕ್ಕೆ ನಿಂತ ಮೇಸ್ತ್ರಿ ಯಾರೂ ಇಲ್ಲ. ನಾನೇ ಕಟ್ಟಿದ ಕಥೆ. ಯಾರಾದರೂ ಓದಿದವರು, ಪರವಾಗಿಲ್ಲ ಎಂದು ಒಂದು ಮಾತು ಹೇಳಲಿ ಎಂದು ನಿನಗೆ ಬರೆದೆ. ನೀನು ಹೇಳಿದೆ. ಓದುವಾಗಲೇ ಗೊತ್ತಾಯಿತು, ನೀನು ಬರೆದಿದ್ದು ತಪ್ಪು ಎಂದು. ತಪ್ಪು ಎಂದು ಗೊತ್ತಿದ್ದೇ ಮಡಿಚಿ ಜೇಬಿಗಿಟ್ಟುಕೊಂಡೆ. ಆದ್ದರಿಂದ ಈ ಪಾಪವನ್ನು ನೀನು ಹೊರಬೇಡ. ನಿನ್ನ ಮಾತಿನಿಂದ ಯಾವ ಕಂಬಿಯೂ ಕೆಳಗಿಳಿಯಲಿಲ್ಲ.

ಉದ್ಘಾಟನೆ ಒಂದು ಮುಗಿಯಲಿ. ಆಮೇಲೆ ಏನಾದರೂ ನೆಪ ಹೇಳಿ ಬಾಲ್ಕನಿಗೆ ಕಂಬ ಕೊಡಿಸುತ್ತೇನೆ. ಒಂದು ದಿನದ ಹಾಡಿಗೆ ಏನೂ ಆಗುವುದಿಲ್ಲ. ನನ್ನ ಕೆಲಸವನ್ನು ಇಷ್ಟು ವರ್ಷದಲ್ಲಿ ಯಾರೂ ಒಡೆಸಿಲ್ಲ, ಮಗಳೇ. ಇದೊಂದು ಸಲ ಸುಮ್ಮನಿರು.

ಚಿಕ್ಕಪ್ಪ

*

ನವೆಂಬರ್ 2

ಚಿಕ್ಕಪ್ಪ,

ಸುಮ್ಮನಿರಲಾರೆ.

ನಿನ್ನ ಪತ್ರ ಓದಿ ತುಂಬ ಹೊತ್ತು ಅತ್ತೆ. ಜ್ವರದಲ್ಲಿ ಮೊಣಕಾಲೂರಿ ಕೂತ ನಿನ್ನನ್ನು ನೆನೆದು ಸಂಕಟವಾಯಿತು. ಆದರೆ ಒಂದು ದಿನದ ಹಾಡಿಗೆ ಏನೂ ಆಗುವುದಿಲ್ಲ ಎಂಬ ಸಾಲು ಓದಿದಾಗ ನಿನ್ನ ಮೇಲೆ ಸಿಟ್ಟು ಬಂತು. ಬಾಲ್ಕನಿ ತುಂಬುವುದು ಆ ಒಂದು ದಿನವೇ. ನಾನು ಹಾಕಿದ ಲೆಕ್ಕ ಆ ದಿನದ್ದೇ.

ನಿಮ್ಮ ಹೆಡ್ ಮೇಡಂಗೆ ಪತ್ರ ಬರೆದು ಈಗಷ್ಟೇ ರಿಜಿಸ್ಟರ್ ಮಾಡಿಸಿ ಬಂದೆ. ಲೆಕ್ಕದ ಹಾಳೆಯನ್ನೂ ಇಟ್ಟಿದ್ದೇನೆ. ನಾನು ಯಾರು, ಯಾವ ವಿಷಯದಲ್ಲಿ ಫೇಲಾಗಿದ್ದೇನೆ, ನಿನಗೆ ಏನೆಂದು ತಪ್ಪು ಬರೆದಿದ್ದೆ, ಎಲ್ಲ ಬರೆದಿದ್ದೇನೆ. ನಿನ್ನ ಪತ್ರವನ್ನು ಮಾತ್ರ ಇಟ್ಟಿಲ್ಲ. ಕಂಬಿ ಕೆಳಗಿರಬಹುದು ಎಂಬ ಅನುಮಾನವಿದೆ, ಕಂಬಿ ಕಟ್ಟಿದವರನ್ನೇ ಕೇಳಿ ಎಂದು ಬರೆದಿದ್ದೇನೆ.

ಅವರು ಕೇಳಿದಾಗ ಏನು ಹೇಳುತ್ತೀಯೋ ನಿನಗೆ ಬಿಟ್ಟಿದ್ದು. ಇನ್ನು ನನ್ನ ಮುಖ ನೋಡುವುದಿಲ್ಲ ಎಂದರೂ ಸರಿ.

ನಿನ್ನ ಮಗಳು

*

ನವೆಂಬರ್ 13

ಮಗಳೇ,

ನಿನ್ನ ಪತ್ರ ನನಗೆ ಮುಟ್ಟಿದ ದಿನವೇ ಹೆಡ್ ಮೇಡಂಗೂ ಮುಟ್ಟಿತು. ಮೂರು ದಿನ ನಿನ್ನ ಮೇಲೆ ನನಗೆ ಎಂಥ ಕೋಪವಿತ್ತೆಂದರೆ, ಎದುರಿಗಿದ್ದರೆ ಏನಂದುಬಿಡುತ್ತಿದ್ದೆನೋ. ಮನೆಯವರೇ ಬೆನ್ನಿಗೆ ಇರಿದರು ಎಂದುಕೊಂಡೆ. ಅದನ್ನು ಮುಚ್ಚಿಟ್ಟರೆ ಮತ್ತೆ ಅದೇ ರೋಗ, ಅದಕ್ಕೇ ಬರೆದೆ.

ಮರುದಿನವೇ ಮೇಡಂ ಎಲ್ಲರನ್ನೂ ಬಾಲ್ಕನಿಯ ಕೆಳಗೇ ಸೇರಿಸಿ ನಿನ್ನ ಪತ್ರ ಓದಿದರು. ಗುತ್ತಿಗೆದಾರರು ನಕ್ಕು, "ಫೇಲಾದ ಹುಡುಗಿ ಮಾತಿಗೆ ಉದ್ಘಾಟನೆ ನಿಲ್ಲಿಸ್ತೀರಾ ಮೇಡಂ?" ಎಂದರು. ಇಂಜಿನಿಯರ್ ನಿನ್ನ ಲೆಕ್ಕದ ಹಾಳೆ ತಿರುವಿ ತಿರುವಿ ನೋಡಿ, "ಕಂಬಿ ಕೆಳಗಿದ್ರೆ ಲೆಕ್ಕ ಸರಿ. ಆದ್ರೆ ಕಂಬಿ ಮೇಲಿದೆ. ಇವರು ಕಟ್ಟಿದ್ದು, ನಾನೇ ಸಹಿ ಹಾಕಿದೀನಿ" ಎಂದರು. ಆಗ ಮೇಡಂ ನನ್ನ ಕಡೆ ತಿರುಗಿದರು. ಹೆಚ್ಚೇನೂ ಕೇಳಲಿಲ್ಲ. "ಮಕ್ಕಳನ್ನ ಹತ್ತಿಸ್ಲಾ?" ಎಂದರು.

ಮೇಲಿದೆ ಅನ್ನುವುದಕ್ಕೆ ಬಾಯಿ ತೆರೆದಿದ್ದೆ ಕಣೆ. ನಿಜವಾಗಿ ತೆರೆದಿದ್ದೆ. ಇಂಜಿನಿಯರ್ ನನ್ನನ್ನೇ ನಂಬಿ ನಿಂತಿದ್ದರು. ನಾಲಿಗೆ ಏಳಲಿಲ್ಲ. "ಹತ್ತಿಸ್ಬೇಡಿ. ಕಂಬಿ ಕೆಳಗಿದೆ. ಹಸಿ ಇದ್ದಾಗ್ಲೇ ಕೈ ಹಾಕಿ ನೋಡಿದೀನಿ" ಎಂದೆ. ಇಂಜಿನಿಯರ್ ಹೋಗಿ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟರು.

ಒಂಬತ್ತನೆಯ ತಾರೀಖು ಪರೀಕ್ಷೆ ಮಾಡಿದರು. ಬಾಲ್ಕನಿಯ ಅಡಿ ಎರಡು ಬೆರಳು ಜಾಗ ಬಿಟ್ಟು ಮರದ ಆಧಾರ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿ, ಮೂರನೆಯ ಕೋಣೆಯ ಮುಂದೆ ಹತ್ತಡಿ ಉದ್ದಕ್ಕೆ ಮರಳಿನ ಚೀಲಗಳನ್ನು ಕಿಟಕಿಯ ಒಳಗಿನಿಂದ ಒಂದೊಂದಾಗಿ ಜೋಡಿಸಿದರು. ನಲವತ್ತು ಚೀಲ ಅಂದಾಜಿತ್ತು. ಹತ್ತು ಇಟ್ಟಾಗ ಏನೂ ಇಲ್ಲ. ಇಪ್ಪತ್ತಕ್ಕೂ ಏನೂ ಇಲ್ಲ. ಗುತ್ತಿಗೆದಾರರು ನನ್ನ ಮುಖ ನೋಡುತ್ತಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ನಿಲ್ಲಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಇಪ್ಪತ್ತೊಂಬತ್ತನೆಯ ಚೀಲ ಇಟ್ಟಾಗ ಪಟ್ ಎಂದು ಒಂದು ಸದ್ದು. ಗೋಡೆಯ ಬುಡದಲ್ಲಿ ಬೆರಳು ತೂರುವಷ್ಟು ಬಾಯಿ ಬಿಟ್ಟು, ಆ ಭಾಗದ ಬಾಲ್ಕನಿ ಆಧಾರದ ಮೇಲೆ ಕೂತುಬಿಟ್ಟಿತು. ಮೊದಲೊಂದು ಬಿರುಕಿಲ್ಲ, ಸೂಚನೆಯಿಲ್ಲ. ನೀನು ಬರೆದ ಹಾಗೆಯೇ.

ಮೇಡಂ ಆ ಚೀಲಗಳನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಮಕ್ಕಳು ಎಷ್ಟು ತೂಗುತ್ತಾರೆ ಎಂದು ನನ್ನನ್ನು ಕೇಳಿದರು.

ಬಾಲ್ಕನಿಯನ್ನು ಪೂರ್ತಿ ಒಡೆಯುತ್ತಿದ್ದಾರೆ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ, ಇಂಜಿನಿಯರಿಗೆ ವಿವರಣೆ ಕೇಳಿ ಮೇಲಿನಿಂದ ಕಾಗದ ಬಂದಿದೆ. ಅವರ ಹತ್ತಿರ ಕ್ಷಮೆ ಕೇಳಲು ಹೋದೆ, ಅವರು ಬಾಗಿಲು ಹಾಕಿಕೊಂಡರು. ಅದು ನನ್ನ ಜೊತೆ ಇರುತ್ತದೆ, ಹೋಗುವಂಥದ್ದಲ್ಲ. ಒಡೆಯುವ ಕೆಲಸಕ್ಕೆ ಕೂಲಿಯವನಾಗಿ ನಿಲ್ಲುತ್ತೇನೆ ಎಂದು ಬೇಡಿಕೊಂಡೆ, ಮೇಡಂ ಗುತ್ತಿಗೆದಾರರನ್ನು ಒಪ್ಪಿಸಿದ್ದಾರೆ. ನಿನ್ನೆಯಿಂದ ಸುತ್ತಿಗೆ ಹಿಡಿದಿದ್ದೇನೆ. ಕಂಬಿ ನಾಲ್ಕೂವರೆ ಇಂಚು ಕೆಳಗೆ ಸಿಗುತ್ತಿದೆ.

ಇದು ಮುಗಿದ ಮೇಲೆ ಮನೆಗೆ ಹೋಗುತ್ತೇನೆ. ಅಣ್ಣ ಅತ್ತಿಗೆಗೆ ನಾನೇ ಹೇಳುತ್ತೇನೆ, ನೀನು ಮೊದಲೇ ಬರೆಯಬೇಡ. ನೀನು ಆ ಅಧ್ಯಾಯ ಓದು, ಬಿಟ್ಟ ಬೇರೆ ಅಧ್ಯಾಯಗಳನ್ನೂ ಓದು.

ಒಂದು ಮಾತು ನಡೆಸಿಕೊಡು. ಮುಂದೆ ನಾನು ಏನಾದರೂ ಕೇಳಿದಾಗ ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದುಬಿಡು. ನನಗೆ ಗೊತ್ತಿದ್ದೂ ಕೇಳುತ್ತಿದ್ದೇನೆ ಎಂದು ಅನ್ನಿಸಿದರೆ, ಚಿಕ್ಕಪ್ಪ ಎಂದು ನೋಡಬೇಡ, ಅಲ್ಲೇ ಬೈದುಬಿಡು.

ಚಿಕ್ಕಪ್ಪ